ಇಲ್ಲಿಯವರೆಗೆ

ಜಯನಗರದ ಹಳೆಯ ಬ್ಲಾಕುಗಳಲ್ಲಿ ಬೆಳಗಿನ ವಾಕಿಂಗ್ ಹೊರಟವರಿಗೆ ಮನೆಗಳ ಹೆಸರು ಓದುವುದೇ ಒಂದು ಕಾಲಕ್ಷೇಪ. ಒಂದು ಗೇಟಿನ ಮೇಲೆ 'ಶ್ರೀ ರಾಘವೇಂದ್ರ ಕೃಪಾ', ಅದರ ಪಕ್ಕ 'ಮಾತೃಶ್ರೀ', ಅದರಾಚೆ 'ಗುರುಪ್ರಸಾದ'. ಈ ಸಾಲಿನ ನಡುವೆ ಎಲ್ಲೋ ಒಂದು 'ಎಬೆನೇಜರ್' ಎದುರಾಗುತ್ತದೆ. ಗೇಟಿನಲ್ಲಿ ಶಿಲುಬೆಯ ಗುರುತಿಲ್ಲದಿದ್ದರೂ ಅದು ಕ್ರೈಸ್ತರ ಮನೆ ಎಂದು ತಿಳಿದವರು ಹೇಳುತ್ತಾರೆ. ತಿಳಿಯದವರು ಯಾರೋ ಇಂಗ್ಲಿಷ್ ದೊರೆಯ ಹೆಸರಿರಬೇಕು ಎಂದುಕೊಂಡು ಮುಂದೆ ನಡೆಯುತ್ತಾರೆ.

ಅದು ದೊರೆಯ ಹೆಸರಲ್ಲ, ಒಂದು ಕಲ್ಲಿನ ಹೆಸರು. ಹೀಬ್ರೂ ಭಾಷೆಯಲ್ಲಿ 'ಸಹಾಯದ ಕಲ್ಲು' ಎಂದು ಅರ್ಥ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸಮುವೇಲ ಎಂಬ ಪ್ರವಾದಿ, ಶತ್ರುಗಳ ಕಾಟದಿಂದ ಪಾರಾದ ಮೇಲೆ ಊರ ಹೊರಗೆ ಒಂದು ಕಲ್ಲು ನೆಟ್ಟು ಅದಕ್ಕೆ ಈ ಹೆಸರಿಟ್ಟ. ದೇವರು ಇಲ್ಲಿಯವರೆಗೆ ಕೈಹಿಡಿದು ನಡೆಸಿದ ಎಂಬುದು ಅವನ ಮಾತಿನ ತಾತ್ಪರ್ಯ. 'ಇಲ್ಲಿಯವರೆಗೆ' ಎಂಬ ಮಾತಿನ ಹದವನ್ನು ಗಮನಿಸಬೇಕು. ನಾಳೆಯ ಬಗ್ಗೆ ಅದರಲ್ಲಿ ಯಾವ ಜಂಬವೂ ಇಲ್ಲ. ಮನೆ ಕಟ್ಟಿದ ಸಾಲ ತೀರಿಲ್ಲದಿರಬಹುದು, ಮಗಳ ಮದುವೆ ಬಾಕಿಯಿರಬಹುದು, ಯಜಮಾನರ ರಕ್ತದೊತ್ತಡ ಹಿಡಿತಕ್ಕೆ ಬಂದಿಲ್ಲದಿರಬಹುದು. ಆದರೂ ಗೇಟಿನ ತನಕ ಬಂದಿದ್ದಾಯಿತಲ್ಲ, ಅಷ್ಟಕ್ಕೆ ಒಂದು ವಂದನೆ.

ಇಂಥ ವಂದನೆಯನ್ನು ಬೀದಿಗೆ ಕಾಣುವಂತೆ ಬರೆಸುವುದು ಯಾಕೆ? ದೇವರಿಗೆ ಹೇಳಬೇಕಾದದ್ದನ್ನು ದೇವರಿಗೆ ಹೇಳಿದರೆ ಸಾಲದೆ?

ಇದೇ ಪ್ರಶ್ನೆಯನ್ನು ದಿನಪತ್ರಿಕೆಯ ಒಂದು ಮೂಲೆಯೂ ಬಹುಕಾಲದಿಂದ ಎತ್ತುತ್ತಾ ಬಂದಿದೆ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲಿ, ಬಾಡಿಗೆ ಮನೆ ಮತ್ತು ಹಳೆಯ ಸ್ಕೂಟರುಗಳ ನಡುವೆ, ಎರಡು ಸಾಲಿನ ಒಂದು ಪ್ರಕಟಣೆ ಇರುತ್ತಿತ್ತು. ಬಾಲಯೇಸುವಿಗೋ, ಕೈಬಿಟ್ಟ ಕೇಸುಗಳ ಸಂತನೆಂದು ಹೆಸರಾದ ಸಂತ ಜೂಡರಿಗೋ, 'ದೊರೆತ ಅನುಗ್ರಹಕ್ಕಾಗಿ ವಂದನೆಗಳು' ಎಂಬ ಒಕ್ಕಣೆ. ಕೆಳಗೆ ಹೆಸರಿಲ್ಲ, ಎರಡು ಅಕ್ಷರಗಳ ಇನಿಷಿಯಲ್ ಮಾತ್ರ. ಏನು ಅನುಗ್ರಹ, ಯಾರಿಗೆ, ಯಾವಾಗ ಒಂದೂ ಗೊತ್ತಾಗದು. ಕೋರಿಕೆ ಈಡೇರಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇನೆ ಎಂದು ಹರಕೆ ಹೊತ್ತಿದ್ದವರು, ಈಡೇರಿದ ಮೇಲೆ ಕೌಂಟರಿನಲ್ಲಿ ದುಡ್ಡು ಕಟ್ಟಿ ಮಾತು ಉಳಿಸಿಕೊಳ್ಳುತ್ತಿದ್ದರು. ಊರಿಗೆಲ್ಲ ಕೇಳುವಂತೆ ಹೇಳಬೇಕು, ಆದರೆ ಹೇಳಿದವರು ಯಾರೆಂದು ಗೊತ್ತಾಗಬಾರದು. ಕೃತಜ್ಞತೆ ಮತ್ತು ಸಂಕೋಚ ಒಂದೇ ಪುಟ್ಟ ಚೌಕದಲ್ಲಿ ಹೊಂದಿಕೊಂಡು ಕೂತಿದ್ದವು.

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ಪ್ರಾರ್ಥನೆ ಮಾಡುವವನು ಬೀದಿ ಮೂಲೆಯಲ್ಲಿ ನಿಂತು ಜನಕ್ಕೆ ತೋರಿಸಿಕೊಳ್ಳಬಾರದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಕಲಿಸಿದ. ದಾನ ಕೊಡುವಾಗ ತುತೂರಿ ಊದಿಸಬೇಡ ಎಂದ. ಹಾಗೆಂದವನೇ ಇನ್ನೊಂದು ಸಂದರ್ಭದಲ್ಲಿ, ಬಹಿರಂಗವಾಗಿ ವಂದಿಸಲು ಬಾರದೇ ಹೋದವರನ್ನು ಕುರಿತು, ಅವರೆಲ್ಲಿ ಎಂದು ಕೇಳಿದ.

ಆ ಕತೆ ಲೂಕನ ಸುವಾರ್ತೆಯಲ್ಲಿದೆ. ಒಂದು ಹಳ್ಳಿಯ ಬಳಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು, ಕರುಣೆ ತೋರು ಎಂದು ಯೇಸುವನ್ನು ಕೂಗಿ ಬೇಡಿದರು. ಹೋಗಿ ಯಾಜಕರಿಗೆ ಮೈ ತೋರಿಸಿ ಎಂದು ಅವನು ಕಳಿಸಿದ. ಆ ಕಾಲದಲ್ಲಿ ರೋಗ ವಾಸಿಯಾಗಿದೆ ಎಂದು ಯಾಜಕರು ಒಪ್ಪಿದ ಮೇಲೆಯೇ ರೋಗಿಗೆ ಊರೊಳಗೆ ಪ್ರವೇಶ. ದಾರಿಯಲ್ಲೇ ಹತ್ತೂ ಜನರ ರೋಗ ವಾಸಿಯಾಯಿತು. ಒಂಬತ್ತು ಮಂದಿ ಮುಂದೆ ನಡೆದರು. ಒಬ್ಬ ಮಾತ್ರ ಹಿಂದಿರುಗಿ ಬಂದು, ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತಾ ಕಾಲಿಗೆ ಬಿದ್ದ. ಅವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನಾಂಗದವನು.

ಒಂಬತ್ತು ಮಂದಿಯನ್ನು ಕೃತಘ್ನರೆಂದು ಬೈಯುವುದು ಸುಲಭ. ಆದರೆ ಅವರು ಮಾಡಿದ ತಪ್ಪಾದರೂ ಏನು? ಹೇಳಿದಂತೆಯೇ ನಡೆದರು. ಸರ್ಟಿಫಿಕೇಟ್ ಮಾಡಿಸಿಕೊಳ್ಳುವ ಅವಸರ, ಎಷ್ಟೋ ಕಾಲದಿಂದ ಕಾಣದ ಹೆಂಡತಿ ಮಕ್ಕಳನ್ನು ಕಾಣುವ ಆತುರ. ಮನಸ್ಸಿನಲ್ಲಿ ಅವರೂ ಕೈ ಮುಗಿದಿರಬಹುದು. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬ ಗಾದೆಯನ್ನು ದುಷ್ಟರಿಗಾಗಿ ಮಾಡಿದ್ದಲ್ಲ; ದಡ ಸೇರಿದ ಮೇಲೆ ಮನೆಯ ನೆನಪು ಬರುವ ಎಲ್ಲರಿಗಾಗಿ ಮಾಡಿದ್ದು.

ಲೂಕನ ಕತೆಯಲ್ಲಿ ಗಮನಿಸಬೇಕಾದದ್ದು ದನಿ. ಬೇಡುವಾಗ ಹತ್ತು ಜನರೂ ದನಿ ಎತ್ತಿ ಬೇಡಿದರು. ವಾಸಿಯಾದ ಮೇಲೆ ದನಿ ಎತ್ತಿದವನು ಒಬ್ಬನೇ. ಕೇಳುವಾಗ ಊರಿಗೆಲ್ಲ ಕೇಳಿಸಿದವರು ಹೇಳುವಾಗ ಮೆತ್ತಗಾದರು. ಈ ಲೆಕ್ಕ ಇಂದಿನ ಯಾವ ಭಾನುವಾರದ ಆರಾಧನೆಗೂ ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿರುವವರಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ, ವೀಸಾ ಕಾಯುತ್ತಿರುವವರಿಗಾಗಿ ಚೀಟಿಗಳು ಬರುತ್ತವೆ; ಸಭೆಯೆಲ್ಲ ಎದ್ದು ನಿಂತು ಪ್ರಾರ್ಥಿಸುತ್ತದೆ. ಆಪರೇಷನ್ ಏನಾಯಿತು, ವೀಸಾ ಬಂತೆ ಎಂಬ ಚೀಟಿ ಬರುವುದು ಅಪರೂಪ. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಕಂಡರಿಯದ ಹುಡುಗನ ಹೆಸರನ್ನು ತಿಂಗಳುಗಟ್ಟಲೆ ದೇವರ ಮುಂದೆ ಹೇಳುತ್ತಲೇ ಇರುತ್ತಾಳೆ. ಆ ಹುಡುಗ ಗುಣವಾಗಿ ಕ್ರಿಕೆಟ್ ಆಡುತ್ತಿರುತ್ತಾನೆ. ಅವಳಿಗೆ ಸುದ್ದಿ ಮುಟ್ಟಿಸುವುದು ಪ್ರದರ್ಶನವಲ್ಲ, ಋಣ. ಸಭೆಯಲ್ಲಿ ಕೇಳಿಕೊಂಡದ್ದನ್ನು ಸಭೆಯಲ್ಲೇ ಹೇಳಿ ಮುಗಿಸಬೇಕು ಎಂಬುದು ಬಹಿರಂಗ ಕೃತಜ್ಞತೆಯ ಮೊದಲ ಕಾರಣ.

ಎರಡನೆಯ ಕಾರಣ ಊಟಕ್ಕೆ ಸಂಬಂಧಿಸಿದ್ದು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಬಲಿಗಳ ನಿಯಮಗಳು ಬರುತ್ತವೆ. ಓದಲು ಬೇಸರ ತರಿಸುವ ಪುಟಗಳು. ಆದರೆ ಅಲ್ಲೊಂದು ಸೊಗಸಾದ ವಿಷಯ ಅಡಗಿದೆ. ಹರಕೆ ತೀರಿಸಲು ಕೊಟ್ಟ ಬಲಿಯ ಮಾಂಸವನ್ನು ಮರುದಿನಕ್ಕೂ ಇಟ್ಟುಕೊಳ್ಳಬಹುದಿತ್ತು. ಕೃತಜ್ಞತೆಗಾಗಿ ಕೊಟ್ಟ ಬಲಿಯನ್ನು ಮಾತ್ರ ಅದೇ ದಿನ ತಿಂದು ಮುಗಿಸಬೇಕಿತ್ತು, ಬೆಳಗಿನವರೆಗೆ ಚೂರೂ ಉಳಿಸುವಂತಿರಲಿಲ್ಲ. ಜೊತೆಗೆ ರಾಶಿ ರೊಟ್ಟಿಗಳು ಬೇರೆ. ಒಂದು ಸಂಸಾರ ಒಂದೇ ದಿನದಲ್ಲಿ ಅಷ್ಟನ್ನು ತಿಂದು ಮುಗಿಸುವುದು ಹೇಗೆ? ನೆಂಟರನ್ನು ಕರೆಯಬೇಕು, ನೆರೆಯವರನ್ನು ಕರೆಯಬೇಕು, ದಾರಿಹೋಕನನ್ನೂ ಕೂರಿಸಬೇಕು. ಕರೆದ ಮೇಲೆ ಯಾಕೆ ಕರೆದೆ ಎಂದು ಹೇಳಲೇಬೇಕು. ಹೀಗೆ ಅಡುಗೆಯ ಲೆಕ್ಕಾಚಾರವೇ ಕೃತಜ್ಞತೆಯನ್ನು ಮನೆಯಿಂದ ಹೊರಗೆ ತಂದಿತು. ಕ್ರೈಸ್ತರ ಪೂಜೆಯ ನಡುಮಧ್ಯದಲ್ಲಿ ಇಂದಿಗೂ ಇರುವುದು ಇಂಥ ಒಂದು ಊಟವೇ. ಕಥೋಲಿಕರು ಪರಮಪ್ರಸಾದ ಎನ್ನುವುದಕ್ಕೆ ಗ್ರೀಕಿನ ಮೂಲ ಪದ 'ಯೂಖರಿಸ್ತಿಯ'. ಅದರ ಅರ್ಥ ಕೃತಜ್ಞತೆ, ಅಷ್ಟೇ.

ಕನ್ನಡ ನೆಲದಲ್ಲಿ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬೀಳುವ ಮುನ್ನ ಯಡಿಯೂರು, ಸಾರಕ್ಕಿ, ಮಾರೇನಹಳ್ಳಿಗಳೆಲ್ಲ ಕೆರೆ, ಹೊಲಗಳ ಹಳ್ಳಿಗಳು. ಬಸವನಗುಡಿಯ ಕಡಲೆಕಾಯಿ ಪರಿಷೆ ಇಂದಿಗೂ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುತ್ತದೆ. ಸುತ್ತಲ ರೈತರು ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದ ನೆನಪು ಅದು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಮನೆಗಳೆದ್ದವು, ಪರಿಷೆ ಉಳಿಯಿತು.

ಕ್ರೈಸ್ತರ ಸುಗ್ಗಿ ಹಬ್ಬದ ಕತೆಯೂ ಹಾಗೆಯೇ. ಮಂಗಳೂರು ಕಡೆಯಿಂದ ಬಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿದ ಕೊಂಕಣಿ ಕಥೋಲಿಕ ಕುಟುಂಬಗಳಿಗೆ ಸೆಪ್ಟೆಂಬರ್ 8 ಎಂದರೆ ಮೊಂತಿ ಫೆಸ್ತ್, ಕನ್ಯಾ ಮರಿಯಮ್ಮನವರ ಜನ್ಮದಿನ ಮತ್ತು ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕೂತು ಮೊದಲು ಅದನ್ನು ಸೇವಿಸಿದ ಮೇಲೆಯೇ ಊಟ. ಮೀನು ಮಾಂಸವಿಲ್ಲದ ಹಬ್ಬದೂಟ ಅದು. ದೂರದ ದೇಶದಲ್ಲಿರುವ ಮಕ್ಕಳಿಗೆ ಅಂಚೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವ ರೂಢಿಯೂ ಇತ್ತು. ಎಲೆಯ ಮುಂದೆ ಕೂರಲಾಗದವರನ್ನೂ ಲೆಕ್ಕದಿಂದ ಬಿಡಬಾರದು ಎಂಬ ತಾಯಂದಿರ ಜಾಣತನ.

ಸಿ.ಎಸ್.ಐ. ಸಭೆಗಳ ಸುಗ್ಗಿ ಹಬ್ಬದ ಸೊಗಸು ಹರಾಜಿನಲ್ಲಿದೆ. ಹೊಲವಿಲ್ಲದ ನಗರದವರು ಮಾರುಕಟ್ಟೆಯಿಂದಲೇ ಕುಂಬಳಕಾಯಿ, ಬಾಳೆಗೊನೆ ಕೊಂಡು ತಂದು ವೇದಿಯ ಮುಂದೆ ಇಡುತ್ತಾರೆ. ಕೆಲವರು ಕುಂಡದಲ್ಲಿ ಬೆಳೆದ ನಾಲ್ಕು ಬದನೆಕಾಯಿ, ಕೆಲವರು ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ 'ಒಂದು ಸಲ, ಎರಡು ಸಲ' ಶುರುವಾಗುತ್ತದೆ. ಪೇಟೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಬದನೆಕಾಯಿ ಇಲ್ಲಿ ನೂರು ದಾಟುತ್ತದೆ. ಕೊಂಡವನು ಅದನ್ನೇ ಮತ್ತೆ ಸಭೆಗೆ ಕೊಟ್ಟು ಇನ್ನೊಮ್ಮೆ ಹರಾಜಾಗುವುದೂ ಉಂಟು. ಬಂದ ಹಣ ಸಭೆಯ ಕೆಲಸಗಳಿಗೆ, ಬಡವರ ನೆರವಿಗೆ. ಸಂತೆಯಲ್ಲಿ ಎಲ್ಲರೂ ಬೆಲೆ ಇಳಿಸಲು ಜಗಳವಾಡುತ್ತಾರೆ. ಇಲ್ಲಿ ನಗುನಗುತ್ತಾ ಏರಿಸಲು ಜಗಳ.

ಇಷ್ಟೆಲ್ಲ ಒಪ್ಪಿದ ಮೇಲೂ ಆ ಹಳೆಯ ಸಂಕೋಚವನ್ನು ಬಿಟ್ಟುಕೊಡುವಂತಿಲ್ಲ. ಹತ್ತು ಕುಷ್ಠರೋಗಿಗಳ ಕತೆ ಹೇಳಿದ ಲೂಕ, ಮುಂದಿನ ಅಧ್ಯಾಯದಲ್ಲೇ ಇನ್ನೊಂದು ಬಹಿರಂಗ ಕೃತಜ್ಞತೆಯ ಚಿತ್ರ ಕೊಡುತ್ತಾನೆ. ದೇವಾಲಯಕ್ಕೆ ಬಂದ ಫರಿಸಾಯನೊಬ್ಬ ಎದ್ದು ನಿಂತು ದೇವರಿಗೆ ವಂದನೆ ಹೇಳುತ್ತಾನೆ. ಯಾತಕ್ಕೆ? ತಾನು ಉಳಿದವರಂತೆ ಅಲ್ಲ ಎಂಬುದಕ್ಕೆ. ಮುಖ್ಯವಾಗಿ, ಅಲ್ಲಿ ದೂರದಲ್ಲಿ ತಲೆತಗ್ಗಿಸಿ ನಿಂತಿರುವ ಸುಂಕದವನಂತೆ ಅಲ್ಲ ಎಂಬುದಕ್ಕೆ. ವಂದನೆಯ ಮಾತಿನಲ್ಲೇ ನೆರೆಯವನನ್ನು ತುಳಿದದ್ದು ಅವನ ಕೇಡು. ಸಮಾರ್ಯದವನೂ ಬಾಯಿ ತೆರೆದು ವಂದಿಸಿದ, ಫರಿಸಾಯನೂ ವಂದಿಸಿದ. ಒಬ್ಬ ತನಗಾದ ಉಪಕಾರವನ್ನು ಹೇಳಿದ, ಇನ್ನೊಬ್ಬ ತನ್ನ ಹಿರಿಮೆಯನ್ನು ಹೇಳಿದ.

ಈ ಇಬ್ಬರೂ ಇಂದಿಗೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಕೆಲವೊಮ್ಮೆ ಒಂದೇ ಎದೆಯಲ್ಲಿ. ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ, ಗೃಹಪ್ರವೇಶಕ್ಕೆ 'ಸ್ತೋತ್ರ ಕಾಣಿಕೆ' ಕೊಡುವ ಪದ್ಧತಿ ಕನ್ನಡ ಸಭೆಗಳಲ್ಲಿದೆ. ಸ್ತೋತ್ರ ಎಂಬ ಪದಕ್ಕೆ ಕನ್ನಡ ಕ್ರೈಸ್ತರ ಬಾಯಲ್ಲಿ ಹೊಗಳಿಕೆ, ಕೃತಜ್ಞತೆ ಎರಡೂ ಅರ್ಥ. ಕೆಲವು ಸಭೆಗಳಲ್ಲಿ ಈ ಕಾಣಿಕೆ ಕೊಟ್ಟವರ ಹೆಸರಿನ ಜೊತೆ ಮೊತ್ತವನ್ನೂ ಓದುವ ವಾಡಿಕೆಯಿತ್ತು. ಮೊತ್ತ ಕಿವಿಗೆ ಬಿದ್ದ ಕೂಡಲೇ ಸ್ತೋತ್ರ ಹಿಂದೆ ಸರಿದು ಕಾಣಿಕೆ ಮುಂದೆ ಬರುತ್ತದೆ. ಐದು ಸಾವಿರದ ಹಿಂದೆ ಐವತ್ತು ಓದಿಸಿಕೊಳ್ಳುವ ವಿಧವೆಗೆ ಆಗುವ ಮುಜುಗರ ಹೇಳುವಂಥದ್ದಲ್ಲ. ಎರಡು ಕಾಸು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಎಂದು ಯೇಸು ಹೇಳಿದ ಕತೆಯನ್ನು ಅದೇ ವೇದಿಕೆಯಿಂದ ಓದುವುದೂ ಉಂಟು. ಹೆಸರು ಮಾತ್ರ ಓದಿ ಮೊತ್ತ ಬಿಡುವುದು ಚಿಕ್ಕ ತಿದ್ದುಪಡಿ. ಅದರಿಂದ ಉಳಿಯುವ ಮರ್ಯಾದೆ ದೊಡ್ಡದು.

ಇನ್ನೊಂದು ಮರೆವೂ ಇದೆ. ಸಾಕ್ಷಿ ಹೇಳಲು ಮೈಕಿನ ಮುಂದೆ ನಿಂತವರು, ಮಗು ಬದುಕಿ ಬಂದದ್ದು ದೇವರಿಂದ ಎನ್ನುತ್ತಾರೆ. ನಂಬಿದವರಿಗೆ ಅದು ನಿಜ. ಆದರೆ ರಾತ್ರಿಯೆಲ್ಲ ನಿಂತ ನರ್ಸಮ್ಮ, ರಕ್ತ ಕೊಟ್ಟ ಆಫೀಸಿನ ಸಹೋದ್ಯೋಗಿ, ಮೀಟರ್ ಹಾಕದೆ ಆಸ್ಪತ್ರೆಗೆ ಓಡಿಸಿದ ಆಟೋದವನು, ಇವರು ಆ ಮಾತಿನಲ್ಲಿ ಕಾಣಿಸುವುದೇ ಇಲ್ಲ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂದ ಗಾದೆ, ಉಪ್ಪು ಕೊಟ್ಟ ದೇವರನ್ನು ಮಾತ್ರ ನೆನೆ ಎನ್ನಲಿಲ್ಲ. ಆ ಆಟೋದವನು ಬೇರೆ ಧರ್ಮದವನಾಗಿದ್ದರಂತೂ ಅವನ ಹೆಸರು ದೇವರ ಮನೆಯಲ್ಲಿ ಕೇಳಿಬರುವುದಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆಯೇ ಇದೆ. ಮೈಕಿನ ಮುಂದೆ ಒಬ್ಬ ತಾಯಿ ತನ್ನ ಮಗ ಉಳಿದದ್ದಕ್ಕೆ ವಂದನೆ ಹೇಳುವಾಗ, ಮೂರನೆಯ ಸಾಲಿನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಕೂತಿರುತ್ತಾಳೆ. ಅವಳೂ ಪ್ರಾರ್ಥಿಸಿದ್ದಳು. ಉಪವಾಸವಿದ್ದಳು. ಅವಳ ಚೀಟಿಯನ್ನೂ ಸಭೆಯಲ್ಲಿ ಓದಲಾಗಿತ್ತು.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರು ಹಾಸಿಗೆಗಾಗಿ, ಆಮ್ಲಜನಕದ ಸಿಲಿಂಡರಿಗಾಗಿ ಪರದಾಡಿತು. ಆ ವರ್ಷದ ನಡುವಿನಲ್ಲಿ ಪ್ರಾರ್ಥನಾಲಯಗಳು ಮತ್ತೆ ತೆರೆದಾಗ ಬೆಂಚುಗಳಲ್ಲಿ ಜಾಗ ಖಾಲಿ ಬಿದ್ದಿದ್ದವು. ಅಂತರ ಕಾಯಲು ಬಿಟ್ಟ ಜಾಗ ಯಾವುದು, ಬರಲಾರದವರ ಜಾಗ ಯಾವುದು ಎಂದು ಬಂದವರಿಗೆ ಗೊತ್ತಿತ್ತು. ಗುಣವಾದವರು ಎದ್ದು ನಿಂತು 'ದೇವರು ನಮ್ಮನ್ನು ಉಳಿಸಿದ' ಎಂದರೆ, ಪಕ್ಕದವರ ಮನೆಯವರನ್ನು ಅವನು ಯಾಕೆ ಉಳಿಸಲಿಲ್ಲ ಎಂಬ ಪ್ರಶ್ನೆ ಯಾರೂ ಕೇಳದೆಯೇ ಎದ್ದು ನಿಲ್ಲುತ್ತದೆ. ಉತ್ತರ ಕೊಡಲು ಹೊರಟವರು ಗಾಯಕ್ಕೆ ಉಪ್ಪು ಸವರುತ್ತಾರೆ. ಬಾಯಿ ಮುಚ್ಚಿಕೊಂಡರೆ ಉಪಕಾರ ಮರೆತಂತಾಗುತ್ತದೆ.

ಈ ಇಕ್ಕಟ್ಟು ಹೊಸದಲ್ಲ. ಜರ್ಮನಿಯ ಐಲೆನ್‌ಬರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯಿದ್ದ. ಮೂವತ್ತು ವರ್ಷಗಳ ಯುದ್ಧದ ಕಾಲ. ಕೋಟೆಯೊಳಗೆ ನಿರಾಶ್ರಿತರು ತುಂಬಿದ್ದರು. 1637ರಲ್ಲಿ ಪ್ಲೇಗು ಬಂತು. ಉಳಿದ ಪಾದ್ರಿಗಳು ಸತ್ತರು, ಇಲ್ಲವೆ ಊರು ಬಿಟ್ಟರು. ಆ ಒಂದೇ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರ ಅವನ ಪಾಲಿಗೆ ಬಂತೆಂದು ಅವನ ಚರಿತ್ರೆ ಹೇಳುತ್ತದೆ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಕ್ರೈಸ್ತ ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕೃತಜ್ಞತಾ ಗೀತೆಗಳಲ್ಲೊಂದು ಈ ಮನುಷ್ಯನದು. ಅದನ್ನು ಮೊದಲು ಬರೆದದ್ದು ಮನೆಮಂದಿ ಊಟದ ಹೊತ್ತಿನಲ್ಲಿ ಹೇಳಲೆಂದು. ಸುಗ್ಗಿ ಹಬ್ಬಗಳಲ್ಲಿ ಅದನ್ನು ಸಂತೋಷದಿಂದ ಹಾಡುವವರಲ್ಲಿ ಎಷ್ಟೋ ಮಂದಿಗೆ ಅದರ ಹಿಂದಿನ ಹೆಣಗಳ ಸಾಲು ಗೊತ್ತಿಲ್ಲ. ಕಳೆದುಕೊಂಡವನ ಕೃತಜ್ಞತೆ, ಕಳೆದುಕೊಂಡವರ ನಡುವೆ ಯಾರಿಗೂ ಚುಚ್ಚದೆ ನಿಲ್ಲಬಲ್ಲದು ಎಂಬುದಕ್ಕೆ ಆ ಗೀತೆ ಸಾಕ್ಷಿ.

ಎಬೆನೇಜರ್ ಕಲ್ಲಿನ ಕತೆಯಲ್ಲೂ ಇಂಥದೊಂದು ಗುಟ್ಟಿದೆ. ಸಮುವೇಲ ಕಲ್ಲು ನೆಡುವುದಕ್ಕೆ ಎರಡು ದಶಕಗಳಷ್ಟು ಮೊದಲು, ಇದೇ ಹೆಸರಿನ ಜಾಗದಲ್ಲಿ ಪಾಳೆಯ ಹೂಡಿದ ಇಸ್ರಾಯೇಲರು ಅದೇ ಶತ್ರುಗಳ ಕೈಯಲ್ಲಿ ಹೀನಾಯವಾಗಿ ಸೋತಿದ್ದರು. ಸಾವಿರಾರು ಜನ ಸತ್ತರು, ದೇವರ ಮಂಜೂಷವೂ ಶತ್ರುಗಳ ಪಾಲಾಯಿತು. ಸೋಲಿನ ನೆನಪು ತರುವ ಹೆಸರನ್ನೇ ಸಹಾಯದ ಕಲ್ಲಿಗೆ ಇಟ್ಟದ್ದು. ಗೆದ್ದವರು ತಮ್ಮ ಸತ್ತವರನ್ನು ಮರೆತು ಕುಣಿಯಲಿಲ್ಲ ಎಂದೇ ಅದನ್ನು ಓದಬಹುದು.

ಡಿಸೆಂಬರ್ 31ರ ರಾತ್ರಿ ಬಹುಪಾಲು ಸಭೆಗಳಲ್ಲಿ ವರ್ಷದ ಕೊನೆಯ ಆರಾಧನೆ ನಡೆಯುತ್ತದೆ. ಹೊರಗೆ ಪಟಾಕಿ, ಬೈಕುಗಳ ಅಬ್ಬರ. ಒಳಗೆ ಒಬ್ಬೊಬ್ಬರಾಗಿ ಎದ್ದು ವರ್ಷದ ಉಪಕಾರಗಳನ್ನು ಎಣಿಸುತ್ತಾರೆ. ಕೆಲಸ ಸಿಕ್ಕಿದವರು, ಮಗು ಹುಟ್ಟಿದವರು, ಮನೆ ಕಟ್ಟಿದವರು. ಮೂರನೆಯ ಸಾಲಿನ ಆ ತಾಯಿ ಏಳದೇ ಇರಬಹುದು. ಏಳಲೇಬೇಕೆಂದು ಯಾರೂ ಒತ್ತಾಯಿಸಬಾರದು. ಅವಳ ಮೌನವೂ ಆ ರಾತ್ರಿ ದೇವರಿಗೆ ಸಲ್ಲುವ ಮಾತೇ. ಎದ್ದು ನಿಂತವರು ಅವಳನ್ನು ಕಂಡೂ ಮಾತಾಡಿದರೆ, ತಮಗೆ ದೊರೆತದ್ದನ್ನು ಅರ್ಹತೆಯೆಂದು ಹೇಳದೆ ದೊರೆತದ್ದೆಂದು ಮಾತ್ರ ಹೇಳಿದರೆ, ಆರಾಧನೆ ಮುಗಿದ ಮೇಲೆ ತಮ್ಮ ಕೇಕಿನ ತುಂಡಿನೊಂದಿಗೆ ಅವಳ ಪಕ್ಕ ಬಂದು ಕೂತರೆ, ಬಲಿಯೂಟವನ್ನು ಬೆಳಗಿನವರೆಗೆ ಉಳಿಸಬಾರದೆಂಬ ಆ ಹಳೆಯ ನಿಯಮ ಪಾಲಿಸಿದಂತಾಯಿತು.

ಯಾವುದೋ ಒಂದು ವರ್ಷ ಅವಳೂ ಎದ್ದು ನಿಲ್ಲಬಹುದು. ಆಗ ಅವಳಿಗೆ ಹೇಳಲು ದೊಡ್ಡ ಪವಾಡದ ಕತೆ ಬೇಕಿಲ್ಲ. ಜಯನಗರದ ಆ ಗೇಟಿನ ಮೇಲಿರುವ ಮಾತೇ ಸಾಕು. ಇಲ್ಲಿಯವರೆಗೆ.